ಒರಳಕ್ಕನ ಮನೆ ಅಳಿಯ

ಚಿಕ್ಕಮ್ಮ ಮೆಟ್ಟಿಲ ಕಿಟಕಿಯ ಪಕ್ಕ ಸ್ಟೂಲು ಹತ್ತಿ ನಿಂತು, ಕತ್ತರಿಯ ಬಾಯನ್ನು ಕುಂಡದ ಗಿಡದ ಎಲೆಗಳ ನಡುವೆ ಮೆಲ್ಲಗೆ ತೂರಿಸಿ, ಹೂವಿನ ತೊಟ್ಟೊಂದನ್ನು ಕತ್ತರಿಸಿದಳು. ಕೆಳಗೆ ನಿಂತಿದ್ದ ಅಕ್ಕನ ಮಗಳು ಅದನ್ನು ತಟ್ಟೆಯಲ್ಲಿ ಹಿಡಿದಳು.

"ಎಲೆಗೆ ತಾಗಿಸಬೇಡ ಚಿಕ್ಕಮ್ಮ."

"ಗೊತ್ತು ಕಣೇ. ಕೇಳಿ ಕೇಳಿ ಕಿವಿ ತೂತಾಗಿದೆ. ಈ ಮನೇಲಿ ಹಾಲು ಉಕ್ಕಿಸಿದರೂ ಬೈಸ್ಕೊಂಡಿಲ್ಲ ನಾನು. ಈ ಗಿಡದ ಎಲೆಗೆ ಕೈ ತಾಗಿದರೆ ಮಾತ್ರ..."

ಮಾತು ಅಲ್ಲಿಗೇ ನಿಂತಿತು. ಬೈಯುವ ಅಕ್ಕ ಒಳಗೆ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಬೆಳಗಿನ ಜಾವ ಹೋಗಿದ್ದಳು. ಮಧ್ಯಾಹ್ನ ಮಣ್ಣು ಮಾಡುವುದೆಂದು ಮಾತಾಗಿತ್ತು.

ಚಿಕ್ಕಮ್ಮ ಮುಂಗೈಯಿಂದ ಮೂಗು ಒರೆಸಿಕೊಂಡು ಇನ್ನೊಂದು ತೊಟ್ಟಿಗೆ ಕತ್ತರಿ ಹಾಕಿದಳು. "ನೋಡು, ಇಷ್ಟು ವರ್ಷ ಮೊಂಡು ಹಿಡಿದು ಕೂತಿದ್ದ. ಅವಳು ಹೋದ ದಿನವೇ ಬಾಯಿ ಬಿಟ್ಟಿದ್ದಾನೆ. ಅಳಿಯ ಅಂದ್ರೆ ಅಳಿಯನೇ. ಅತ್ತೆ ಹೋದ ಮೇಲೆ ನಗ್ತಾನೆ."

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ಮಗಳು ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅತ್ತಳು.

ಅಳಿಯ ಎಂದರೆ ಆ ಕುಂಡದ ಗಿಡ. ಹಾಗೆ ಹೆಸರಿಟ್ಟಿದ್ದು ಅಮ್ಮ. ಮಗಳಿಗೆ ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ಅಕ್ಕಪಕ್ಕದವರಿಗೆ ಇದೊಂದು ತಮಾಷೆಯಾಗಿತ್ತು. "ಮನೆ ಅಳಿಯ ಅಂದ್ರೆ ಇಂಥವನಿರಬೇಕು, ಒಂದು ಲೋಟ ನೀರು ಬಿಟ್ಟು ಬೇರೇನೂ ಕೇಳಲ್ಲ" ಎಂದು ಅಪ್ಪನೂ ಹೇಳುವುದಿತ್ತು. ಅದು ಅಮ್ಮನ ಲ್ಯಾಬಿನ ಗಿಡ. ಆಗಾಗ ಅಲ್ಲಿಂದ ಯಾರಾದರೂ ಬಂದು ಒಂದೇ ಒಂದು ಎಲೆ ಕಿತ್ತು, ಚಿಕ್ಕ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಎಲೆ ಎಂದರೆ ಭಯಭಕ್ತಿ. ಹೂವಿನ ಮಾತು ಯಾರೂ ಆಡಿರಲಿಲ್ಲ. ಆಡುವುದಕ್ಕೆ ಅದು ಹೂ ಬಿಟ್ಟಿದ್ದಾದರೂ ಯಾವಾಗ?

ಹೂವುಗಳು ಚಿಕ್ಕವು, ತಿಳಿಹಳದಿ, ಒಳಗೆ ಗಂಟಲ ಹತ್ತಿರ ಕೆಂಪು. ಏಳೆಂಟು ಇದ್ದವು. ಒಂದನ್ನೂ ಬಿಡದೆ ಕೊಯ್ದು, ಎಲೆಗಳನ್ನೆಲ್ಲ ಇದ್ದ ಹಾಗೇ ಉಳಿಸಿ, ಚಿಕ್ಕಮ್ಮ ಸ್ಟೂಲಿನಿಂದ ಇಳಿದಳು. ತಟ್ಟೆಯನ್ನು ಒಳಗೆ ಒಯ್ದು ಹೂವುಗಳನ್ನು ಅಕ್ಕನ ಎದೆಯ ಮೇಲೆ ಒಂದೊಂದಾಗಿ ಇಟ್ಟಳು. ಕೊನೆಯದನ್ನು ಬೆರಳುಗಳ ಸಂದಿನಲ್ಲಿ ಸಿಕ್ಕಿಸಿದಳು.

"ತಗೋ. ನಿನ್ನ ಗಿಡ, ನಿನ್ನ ಹೂವು. ಯಾರಿಗೂ ಒಂದೂ ಕೊಟ್ಟಿಲ್ಲ."

*

ಲ್ಯಾಬಿನಲ್ಲಿ ಅಮ್ಮನಿಗೆ ಒರಳಕ್ಕ ಎಂದು ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಿಳಿ ಒರಳಿನಲ್ಲಿ ಎಲೆ ಅರೆಯುವುದೇ ಅವಳ ಕೆಲಸ. "ಮನೇಲಿ ಮೆಣಸು ಅರೀಬೇಕಾದರೆ ಸೊಂಟ ನೋವು, ಅಲ್ಲಿ ಹೋಗಿ ಊರ ಸೊಪ್ಪೆಲ್ಲ ಅರೀತಾಳೆ" ಎಂದು ಚಿಕ್ಕಮ್ಮ ಹಂಗಿಸುತ್ತಿದ್ದಳು.

ಶಾಲೆಗೆ ರಜೆ ಇದ್ದ ಒಂದು ದಿನ ಅಮ್ಮ ಮಗಳನ್ನು ಕರೆದುಕೊಂಡು ಹೋಗಿದ್ದಳು. ಒರಳಲ್ಲಿ ಎಲೆ ಇಟ್ಟು, ಉಕ್ಕಿನ ಪಾತ್ರೆಯಿಂದ ಏನನ್ನೋ ಸುರಿದಳು. ನೀರಿನಂಥ ದ್ರವ. ಸುರಿದೊಡನೆ ಬಿಳಿ ಹೊಗೆ ಎದ್ದು, ಮೇಜಿನ ಅಂಚು ದಾಟಿ, ಸದ್ದಿಲ್ಲದೆ ನೆಲಕ್ಕೆ ಇಳಿಯಿತು. ಬಿಸಿ ಎಂದುಕೊಂಡು ಮಗಳು ಹಿಂದೆ ಸರಿದಳು.

"ಬಿಸಿ ಅಲ್ಲ ಪುಟ್ಟಿ, ತಣ್ಣಗೆ. ನೀನು ನೆನಸ್ಕೊಳ್ಳೋಕೂ ಆಗದಷ್ಟು ತಣ್ಣಗೆ. ಮುಟ್ಟಿದರೆ ಬೆರಳು ಸುಟ್ಟ ಹಾಗೇ ಆಗುತ್ತೆ."

ಎಲೆ ಗಾಜಾಗಿತ್ತು. ಅಮ್ಮ ಗುಂಡಿನಿಂದ ತಟ್ಟಿದರೆ ಕಿಣಿಕಿಣಿ ಎಂದು ಒಡೆಯಿತು. ಕರಗುವುದರೊಳಗೆ ಅರೆದು ನುಣ್ಣಗಿನ ಹಸಿರು ಧೂಳು ಮಾಡಿದಳು. ಆಮೇಲೆ ಏನೇನೋ ಬೆರೆಸಿ, ಗಿರಗಿರನೆ ತಿರುಗುವ ಯಂತ್ರದಲ್ಲಿಟ್ಟು, ತೆಗೆದು, ಮತ್ತೆ ಬೆರೆಸಿ, ಮಗಳ ಹಸಿವೆಲ್ಲ ಕೆರಳಿದ ಮೇಲೆ ಪುಟ್ಟ ಕೊಳವೆಯೊಂದನ್ನು ಬೆಳಕಿಗೆ ಹಿಡಿದಳು. ಒಳಗೆ ನೂಲಿನ ಎಳೆಗಿಂತ ಸಣ್ಣದೊಂದು ಬಿಳುಪು ತೇಲುತ್ತಿತ್ತು.

"ಇದೇ ನೋಡು ಡಿಎನ್‌ಎ. ಎಲೆ ಎಷ್ಟಗಲ ಆಗಬೇಕು, ಹೂವಿಗೆ ಯಾವ ಬಣ್ಣ, ಬಿಸಿಲು ಎಷ್ಟು ತಡೀಬೇಕು, ಎಲ್ಲ ಇಷ್ಟರಲ್ಲೇ ಇದೆ."

"ಯಾರು ಇಟ್ಟಿದ್ದು?"

ಅಮ್ಮ ಕೊಳವೆಯನ್ನು ನೋಡುತ್ತಲೇ ಇದ್ದಳು. ದಿನವೂ ನೋಡುವ ವಸ್ತುವನ್ನು ಹಾಗೆ ನೋಡುವವರನ್ನು ಮಗಳು ಬೇರೆಲ್ಲೂ ಕಂಡಿರಲಿಲ್ಲ. "ಅದರ ಅಮ್ಮ ಅಪ್ಪ" ಎಂದಳು ಕೊನೆಗೆ. "ಅವರಿಗೆ ಅವರಮ್ಮ ಅಪ್ಪ. ಹೀಗೇ ಹಿಂದಕ್ಕೆ ಹೋಗ್ತಾ ಇದ್ದರೆ ನನಗೆ ತಲೆ ತಿರುಗುತ್ತೆ ಕಣೇ."

ಮನೆಗೆ ಬಂದ ಮೇಲೆ ಅಪ್ಪ ಹೇಳಿದ್ದ: "ಇವಳ ಮೂಗು ನಿನ್ನ ಥರ ಮೊಂಡಾಗಿದೆಯಲ್ಲ, ಅದೂ ಅಲ್ಲೇ ಇರುತ್ತೆ ಬಿಡು."

*

ಹೊತ್ತೇರುತ್ತಿದ್ದಂತೆ ಜನ ಬಂದರು. ಅಪ್ಪ ಅಮ್ಮನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ಛಾಪಖಾನೆಯ ಯಂತ್ರಗಳ ಗದ್ದಲದಲ್ಲಿ ಅವನ ಕಿವಿ ಹೋಗಿ ಬಹಳ ಕಾಲವಾಗಿತ್ತು. ಕಿವಿಯ ಮೆಷಿನ್ ಈಗ ಅಂಗಿಯ ಜೇಬಿನಲ್ಲಿತ್ತು.

"ಹಾಕ್ಕೋ ಅಪ್ಪ, ಜನ ಮಾತಾಡಿಸ್ತಾರೆ" ಎಂದು ಮಗಳು ಸನ್ನೆ ಮಾಡಿದಳು.

"ಎಲ್ಲರೂ ಒಂದೇ ಮಾತು ಹೇಳ್ತಾರೆ. ಅದಕ್ಕೆ ಯಾಕೆ ಬ್ಯಾಟರಿ ದಂಡ?"

ಅಪ್ಪನದೂ ಸೇರಿ ಅಂಥ ಮೆಷಿನ್‌ಗಳನ್ನು ರಿಪೇರಿ ಮಾಡುವುದೇ ಮಗಳ ಕಸುಬು. ಅವಳು ಒತ್ತಾಯ ಮಾಡಲಿಲ್ಲ.

ಡಾಕ್ಟರಮ್ಮ ಬಂದಾಗ ಎಲ್ಲರೂ ದಾರಿ ಬಿಟ್ಟರು. ಲ್ಯಾಬಿನ ಮುಖ್ಯಸ್ಥೆ ಆಕೆ. ಅಮ್ಮನ ಜೊತೆ ಬಹುಕಾಲ ಒಂದೇ ಮೇಜಿನಲ್ಲಿ ದುಡಿದವರು. ಬಾಗಿಲಲ್ಲೇ ಪಕ್ಕದ ಮನೆಯ ಅಜ್ಜಿ ಅವರ ಕೈ ಹಿಡಿದುಕೊಂಡಳು.

"ನೀವು ಡಾಕ್ಟ್ರಂತಲ್ಲ ತಾಯಿ. ನನ್ನ ಮಂಡಿ ಒಂಚೂರು ನೋಡ್ತೀರಾ?"

"ನಾನು ಗಿಡದ ಡಾಕ್ಟ್ರು ಅಜ್ಜಿ."

"ಪರವಾಗಿಲ್ಲ. ಇದೂ ಒಣಗಿದ ಕೊರಡೇ."

ಡಾಕ್ಟರಮ್ಮ ಅಳುವ ಮುಖದಲ್ಲೇ ನಕ್ಕು, ಕೈ ಬಿಡಿಸಿಕೊಂಡು, ಒಳಗೆ ಬಂದರು. ಅಮ್ಮನ ಕಾಲ ಬಳಿ ನಿಂತು ಮುಖ ನೋಡಿದರು. ಆಮೇಲೆ ಅವರ ಕಣ್ಣು ಎದೆಗೆ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು. ಬಾಯಿಗೆ ಕೈ ಅಡ್ಡ ಹಿಡಿದರು. ಸರಸರನೆ ಹೊರಗೆ ಹೋಗಿ ಮೆಟ್ಟಿಲು ಹತ್ತಿದರು.

ಮಗಳು ಹಿಂದೆಯೇ ಹೋದಳು. ಡಾಕ್ಟರಮ್ಮ ಕಿಟಕಿಯ ಬಳಿ ನಿಂತು, ಗಿಡದ ಬೋಳು ತೊಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು.

"ಏನಾಯ್ತು ಡಾಕ್ಟರಮ್ಮ?"

"ಏನಿಲ್ಲ ಬಿಡು. ಒಳಗೆ ನಡಿ, ಜನ ಬಂದಿದ್ದಾರೆ."

"ನೀವು ಅಮ್ಮನ ಮುಖ ನೋಡ್ತಿರಲಿಲ್ಲ. ಹೂವು ನೋಡ್ತಿದ್ರಿ." "ನಾವು ಎಲೆ ಮುಟ್ಟಿಲ್ಲ. ಒಂದೂ ಮುಟ್ಟಿಲ್ಲ."

ಡಾಕ್ಟರಮ್ಮ ಕಿಟಕಿಯ ಕಟ್ಟೆಗೆ ಒರಗಿದರು. "ಎಲೆ ಮುಟ್ಟಬೇಡಿ ಅಂತ ಕಲಿಸಿದವರು ನಾವೇ. ಹೂವಿನ ವಿಷಯ ಹೇಳಲೇ ಇಲ್ಲ. ಇದು ಹೂ ಬಿಡುತ್ತೆ ಅನ್ನೋ ನಂಬಿಕೆ ಇದ್ದದ್ದು ನಿಮ್ಮಮ್ಮನಿಗೆ ಒಬ್ಬಳಿಗೇ. ಮೊಗ್ಗು ಕಚ್ಚಿದೆ, ಅರಳಿದ ತಕ್ಷಣ ಹೇಳ್ತೀನಿ ಅಂತ ಫೋನ್ ಮಾಡಿದ್ದಳು. ಆಮೇಲೆ ಅವಳ ಮಾತೇ ನಿಂತುಹೋಯ್ತಲ್ಲ."

"ಹೂವಿಂದ ಏನಾಗಬೇಕಿತ್ತು?"

"ಗುಡ್ಡದ ಕತೆ ನಿಮ್ಮಮ್ಮ ಹೇಳಿಲ್ವಾ?"

ಹೇಳಿದ್ದಳು. ಕಿವಿಗೆ ಬಿದ್ದಿತ್ತು, ಈ ಗಿಡಕ್ಕೂ ಅದಕ್ಕೂ ನಂಟಿದೆ ಎಂದು ಹೊಳೆದಿರಲಿಲ್ಲ.

*

ಊರಾಚೆ ಕಲ್ಲುಗಣಿ ಕೊರೆದು ಬಿಟ್ಟ ಗುಡ್ಡವೊಂದಿತ್ತು. ಮಗಳ ಬಾಲ್ಯದಲ್ಲಿ ಅದು ಬರೀ ಬೂದುಬಣ್ಣದ ಗಾಯ. ಮಳೆ ಬಂದರೆ ಮಣ್ಣು ಜಾರಿ ರಸ್ತೆಗೆ ಬರುತ್ತಿತ್ತು. ಒಂದು ಮೂಲೆಯಲ್ಲಿ ಮಾತ್ರ ಒಂದಷ್ಟು ಪೊದೆಗಳು ಉಳಿದಿದ್ದವು, ಜಗತ್ತಿನಲ್ಲಿ ಬೇರೆಲ್ಲೂ ಅದುವರೆಗೆ ಕಂಡಿರದಂಥವು. ಲ್ಯಾಬಿನವರು ಅವುಗಳ ಕಡ್ಡಿ ಕತ್ತರಿಸಿ ನೆಟ್ಟರು. ಊರಿನವರೂ ಸೇರಿಕೊಂಡರು. ನೆಟ್ಟ ಕಡ್ಡಿಯೆಲ್ಲ ಚಿಗುರಿ, ನೋಡನೋಡುತ್ತ ಗುಡ್ಡ ಹಸಿರಾಯಿತು. ಮಣ್ಣು ನಿಂತಿತು. ಹಕ್ಕಿಗಳು ಬಂದವು. ಹೂವೂ ಬಿಟ್ಟಿತು. ಕಾಯಿ ಮಾತ್ರ ಕಟ್ಟಲಿಲ್ಲ. ಒಂದು ಪೊದೆಯ ಬುಡದಲ್ಲೂ ಒಂದು ಸಸಿ ಏಳಲಿಲ್ಲ.

ಯಾಕೆಂದು ತಿಳಿಯಲು ಗುಡ್ಡದ ಮೂಲೆಮೂಲೆಯಿಂದ ಎಲೆ ತಂದರು. ಅಮ್ಮ ಅರೆದಳು. ಕತ್ತಲೆಕೋಣೆಯ ಪರದೆಯ ಮೇಲೆ ಪ್ರತಿ ಎಲೆಯ ಡಿಎನ್‌ಎಗೂ ಬೆಳಕಿನ ಗೆರೆಗಳ ಒಂದು ಸಾಲು ಮೂಡಬೇಕು, ಒಂದರಂತೆ ಇನ್ನೊಂದು ಇರಬಾರದು. ಎಲ್ಲ ಸಾಲೂ ಒಂದೇ ಥರ ಬಂತು.

ಅಮ್ಮ ಆ ದಿನ ಮನೆಗೆ ಬಂದು ಊಟ ಬಿಟ್ಟಳು. "ಒರಳು ಸರಿಯಾಗಿ ತೊಳೆದಿಲ್ಲ ನಾನು. ಒಂದೇ ಎಲೆ ಎಲ್ಲದರಲ್ಲೂ ಸೇರಿಬಿಟ್ಟಿದೆ." ಡಾಕ್ಟರಮ್ಮನಿಗೂ ಹಾಗೇ ಅನ್ನಿಸಿತ್ತು. ಇಬ್ಬರೂ ಹೊಸ ಒರಳು ತರಿಸಿದರು, ತಾವೇ ಗುಡ್ಡ ಹತ್ತಿ ಎಲೆ ಕಿತ್ತರು, ಜೊತೆಯಲ್ಲೇ ಕೂತು ಅರೆದರು. ಮತ್ತೆ ಅದೇ ಗೆರೆಗಳು.

ಅಂದು ಸಂಜೆ ಅಮ್ಮ ಚಪ್ಪಲಿ ಬಿಚ್ಚುವುದನ್ನೂ ಮರೆತು ಅಡುಗೆಮನೆಯಲ್ಲಿ ಬಂದು ನಿಂತಳು.

"ತಪ್ಪು ನಂದಲ್ಲ ಕಣೇ. ಅಲ್ಲಿ ಇರೋದೇ ಒಬ್ಬಳು."

"ಯಾರು?"

"ಗುಡ್ಡ. ಗುಡ್ಡದ ತುಂಬ ಇರೋದು ಒಂದೇ ಗಿಡ. ಆ ಮೂಲೇಲಿ ಉಳಿದಿದ್ದವು ಬೇರೆ ಬೇರೆ ಅಲ್ಲ, ನೆಲದೊಳಗೆ ಬೇರು ಹರಡಿ ಎದ್ದಿದ್ದ ಒಂದೇ ಗಿಡ. ಅದನ್ನೇ ಕತ್ತರಿಸಿ ಕತ್ತರಿಸಿ ನೆಟ್ಟಿದ್ದೀವಿ. ಎಷ್ಟು ವರ್ಷದವಳೋ ಏನೋ. ಈ ಊರು ಹುಟ್ಟೋಕೆ ಮುಂಚಿಂದ ಒಬ್ಬಳೇ ನಿಂತಿದ್ದಾಳೆ. ನಾನು ಅವಳ ಮೈಮೇಲೇ ಓಡಾಡ್ಕೊಂಡು, ಇನ್ಯಾರಿದ್ದಾರೆ ಅಂತ ಹುಡುಕ್ತಿದ್ದೆ!"

ಒಲೆಯ ಮೇಲಿನ ನೀರು ಕುದಿದು ಚೆಲ್ಲುತ್ತಿತ್ತು. ಯಾರೂ ಆರಿಸಲಿಲ್ಲ.

"ತನ್ನ ಹೂವಿನ ಪರಾಗದ ಪುಡಿ ತನಗೇ ಒಗ್ಗಲ್ಲ ಅವಳಿಗೆ. ಕಾಯಿ ಕಟ್ಟಬೇಕಾದರೆ ಬೇರೆಯವನೇ ಬೇಕು. ಎಲ್ಲಿಂದ ತರೋಣ ಹೇಳು?"

*

"ಆ ಬೇರೆಯವನು ಸಿಕ್ಕಿದ್ದು ಹಳೇ ಸುಣ್ಣದ ಗೂಡಿನ ಗೋಡೆ ಮೇಲೆ" ಎಂದರು ಡಾಕ್ಟರಮ್ಮ. "ಒಂದೇ ಗಿಡ. ಜಾತಿ ಅದೇ, ಗೆರೆಗಳು ಪೂರ್ತಿ ಬೇರೆ. ರಸ್ತೆ ಅಗಲ ಮಾಡೋವಾಗ ಗೋಡೆ ಬಿತ್ತು. ಅಷ್ಟರಲ್ಲಿ ಕಡ್ಡಿ ಕತ್ತರಿಸಿ ತಂದಿದ್ದೆವು. ಒಂದೇ ಕಡೆ ಇಟ್ಟರೆ ಅಪಾಯ ಅಂತ ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದೆವು. ಲ್ಯಾಬಿನವು ಬೇರು ಕೊಳೆತು ಹೋದವು. ನನ್ನದೂ ಹೋಯ್ತು. ನಿಮ್ಮ ಮನೆಯದು ಮಾತ್ರ ಉಳೀತು. ಇಲ್ಲಿಂದ ಎತ್ತೋಕೂ ಹೆದರಿಕೆ ನಮಗೆ."

"ಮತ್ತೆ ಹೂ ಬಿಡುತ್ತಲ್ಲ?"

"ಬಿಡಬಹುದು. ಮೊದಲ ಸಲ ಬಿಡೋಕೆ ನಿಮ್ಮಮ್ಮನ ಆಯಸ್ಸೆಲ್ಲ ತಗೊಂಡಿದೆ." ತಮ್ಮ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು. ಆಮೇಲೆ, "ಗುಡ್ಡದ ಕೆಳಗಿನ ಸಾಲಿಗೆ ಕಪ್ಪು ಚುಕ್ಕೆ ರೋಗ ಬಂದಿದೆ. ಇರೋದು ಒಬ್ಬಳೇ ಅಂದಮೇಲೆ, ಒಂದು ಪೊದೆಗೆ ತಡೆಯೋಕೆ ಆಗದ್ದು ಯಾವ ಪೊದೆಗೂ ಆಗಲ್ಲ. ಬೇರೆ ರಕ್ತ ಸೇರಿ ಸಸಿ ಹುಟ್ಟಿದರೆ ಅದರಲ್ಲಿ ಯಾವುದೋ ಒಂದು ಗಟ್ಟಿ ಇದ್ದೀತು" ಎಂದರು.

ಕೆಳಗೆ ಯಾರೋ ಹೊಸಬರು ಬಂದು ಅಳುವ ದನಿ ಕೇಳಿತು.

"ಕೊಯ್ದ ಹೂವಿನ ಪುಡಿಗೆ ಜೀವ ಇರುತ್ತಾ?" ಮಗಳು ಕೇಳಿದಳು.

"ಸಂಜೆವರೆಗೂ ಇರಬಹುದು. ಆದರೆ ಸಾವಿನ ಮನೇಲಿ ನಾನು ಹೇಗಮ್ಮ ಬಾಯಿಬಿಟ್ಟು ಕೇಳಲಿ? ಅದಕ್ಕೇ ಎದ್ದು ಬಂದೆ."

ಮಗಳು ಕೆಳಗಿಳಿದು ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದಳು. ಚಿಕ್ಕಮ್ಮನ ಮುಖ ಮೊದಲು ಬಿಳಿಚಿತು. ಆಮೇಲೆ ಕೆಂಪಾಯಿತು.

"ಕೊಟ್ಟದ್ದನ್ನ ಕಿತ್ಕೊಳ್ಳೋದಾ? ಅದೂ ಹೆಣದ ಮೈಮೇಲಿಂದ?" ದನಿ ಏರಿತು. "ಜೀವ ಇರೋವರೆಗೂ ದುಡಿಸ್ಕೊಂಡ್ರಿ. ಜ್ವರ ಬಂದರೂ ಒರಳು, ಮಳೆ ಬಂದರೂ ಗುಡ್ಡ. ಇವತ್ತೂ ರಜೆ ಇಲ್ವಾ ಅವಳಿಗೆ?"

ಜನ ತಿರುಗಿ ನೋಡಿದರು. ಡಾಕ್ಟರಮ್ಮ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರು. ಮಗಳಿಗೆ ಚಿಕ್ಕಮ್ಮ ಹೇಳಿದ್ದು ಸರಿ ಅನ್ನಿಸಿತು. ಅಮ್ಮ ಕಾದು ಕಾದು ಕಾಣದೆ ಹೋದ ಹೂವು ಅವಳ ಜೊತೆಗೇ ಹೋಗಲಿ ಎಂದು ತಟ್ಟೆ ಹಿಡಿದು ನಿಂತವಳು ತಾನೇ ಅಲ್ಲವೇ? ಆದರೆ ಆ ಏಳೆಂಟು ಹೂವು ಮಣ್ಣಿಗೆ ಹೋದರೆ, ಅವಳ ಜೊತೆ ಇಡೀ ಗುಡ್ಡವೂ ಹೋದ ಹಾಗೆ.

"ಹೂವು ಅವಳ ಹತ್ತಿರವೇ ಇರಲಿ ಚಿಕ್ಕಮ್ಮ. ಪುಡಿ ಮಾತ್ರ ತಗೋತೀನಿ. ಹೂವು ಅಲ್ಲಾಡದ ಹಾಗೆ ತಗೋತೀನಿ."

ಅಷ್ಟರಲ್ಲಿ ಅಪ್ಪ ಜೇಬಿನಿಂದ ಮೆಷಿನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡಿದ್ದ. "ಈಗ ಹೇಳು. ಏನು ಗಲಾಟೆ?"

ಮಗಳು ಅವನ ಮುಂದೆ ಮಂಡಿಯೂರಿ ಎಲ್ಲ ಹೇಳಿದಳು. ಸುಣ್ಣದ ಗೂಡು, ಕಪ್ಪು ಚುಕ್ಕೆ, ಸಂಜೆಯವರೆಗಿನ ಜೀವ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ನನ್ನ ಕಿವಿಗೆ ಬ್ಯಾಟರಿ ತರೋದು ಮರೀತಿದ್ದಳು. ಅವನಿಗೆ ನೀರು ಹಾಕೋದು ಒಂದು ದಿನವೂ ಮರೆತಿಲ್ಲ" ಎಂದ. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ತನ್ನ ಕಿವುಡು ದನಿಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ: "ಏನೇ, ಅಳಿಯ ಹೊರಟಿದ್ದಾನಂತೆ. ಕಳಿಸಿಕೊಡು."

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಬಂದಳು. "ಪಕ್ಕಕ್ಕೆ ಸರೀರಿ ಎಲ್ಲರೂ. ಹೂವು ಇಟ್ಟವಳು ನಾನು, ಅವಳ ಬೆರಳು ಬಿಡಿಸೋದೂ ನಾನೇ."

ಮೆಷಿನ್‌ಗಳ ಸಣ್ಣ ತೂತು ಶುಚಿ ಮಾಡಲು ಮಗಳು ಬಳಸುವ ಬ್ರಷ್‌ಗಳಲ್ಲಿ ಹೊಸದೊಂದು ಚೀಲದಲ್ಲಿತ್ತು, ಪೊಟ್ಟಣ ಒಡೆದಿರಲಿಲ್ಲ. ಡಾಕ್ಟರಮ್ಮ ಬಿಳಿ ಹಾಳೆಯೊಂದನ್ನು ಮಡಚಿ ಹಿಡಿದರು. ಅಜ್ಜಿ ಎದ್ದು ಹೋಗಿ, ಯಾರೂ ಹೇಳದೆಯೇ, ಫ್ಯಾನ್ ಆರಿಸಿದಳು.

ಮಗಳು ಅಮ್ಮನ ಎದೆಯ ಮೇಲೆ ಬಗ್ಗಿದಳು. ದಿನವೂ ಎಷ್ಟೋ ಜನರ ಕಿವಿ ಮೆಷಿನ್‌ಗಳ ಸೂಕ್ಷ್ಮ ತಂತಿಗಳನ್ನು ನಡುಗದೆ ಮುಟ್ಟುವ ಕೈ ಈಗಲೂ ನಡುಗಲಿಲ್ಲ. ಬ್ರಷ್ ತುದಿಯನ್ನು ಹೂವಿನ ಗಂಟಲಿಗೆ ಇಳಿಸಿ, ಮೃದುವಾಗಿ ತಿರುಗಿಸಿ, ಹಾಳೆಗೆ ತಟ್ಟಿದಳು. ಹಳದಿ ಪುಡಿ ಉದುರಿತು, ಇದೆಯೋ ಇಲ್ಲವೋ ಎನ್ನುವಷ್ಟು. ಹಾರಿಹೋದೀತೆಂದು ಅವಳು ಉಸಿರು ಬಿಗಿ ಹಿಡಿದಿದ್ದಳು. ಎದೆ ಏರದೆ ಇಳಿಯದೆ, ಅಮ್ಮ ಮಗಳು ಇಬ್ಬರೂ ಅಷ್ಟೇ ನಿಶ್ಚಲವಾಗಿದ್ದರು.

ಒಂದು ಹೂವು, ಮತ್ತೊಂದು, ಮಗದೊಂದು. ಕೊನೆಗೆ ಚಿಕ್ಕಮ್ಮ ಅಕ್ಕನ ಬೆರಳುಗಳನ್ನು ಮಗುವಿನ ಬೆರಳು ಬಿಡಿಸುವ ಹಾಗೆ ಬಿಡಿಸಿ, ಅಲ್ಲಿದ್ದ ಹೂವನ್ನು ತೋರಿಸಿದಳು. ಆ ಹೂವಿನದೂ ಆದ ಮೇಲೆ ಮತ್ತೆ ಬೆರಳು ಮುಚ್ಚಿದಳು.

"ಆಯ್ತಾ? ಇಷ್ಟು ಚೂರಿಗೆ ಇಷ್ಟೆಲ್ಲಾನಾ?"

ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ವಾಲಿಸಿದರು. "ಈ ಒಂದೊಂದು ಕಣದಲ್ಲೂ ಅರ್ಧ ಗಿಡ ಇದೆ ಅಮ್ಮ."

ಚಿಕ್ಕಮ್ಮ ಕತ್ತು ಚಾಚಿ ನೋಡಿದಳು. ಅಜ್ಜಿ ನೋಡಿದಳು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಮಣ್ಣಿಗೆ ಒಯ್ಯಲು ಬಂದವರು ಹೊಸ್ತಿಲಲ್ಲಿ ನಿಂತು ತಮ್ಮ ಸರದಿಗೆ ಕಾದರು.

*

ಮಣ್ಣಾದ ಮೇಲೆ ಮಗಳು ಮನೆಗೆ ಹೋಗಲಿಲ್ಲ. "ಅಪ್ಪನ್ನ ನಾನು ನೋಡ್ಕೋತೀನಿ, ನೀನು ಹೊರಡು" ಎಂದು ಚಿಕ್ಕಮ್ಮನೇ ಬೆನ್ನು ತಟ್ಟಿದಳು. ಪುಡಿಯಲ್ಲಿ ಅರ್ಧ ಲ್ಯಾಬಿನ ಫ್ರೀಜರಿಗೆ ಹೋಯಿತು. ಉಳಿದರ್ಧದೊಂದಿಗೆ ಡಾಕ್ಟರಮ್ಮನೂ ಅವಳೂ ಗುಡ್ಡ ಹತ್ತಿದರು.

ಅಮ್ಮನ ಫೋನ್ ಬಂದ ದಿನವೇ ಲ್ಯಾಬಿನವರು ರೋಗ ತಾಗದ ಮೇಲಿನ ಸಾಲಿನಲ್ಲಿ ಕೆಲವು ರೆಂಬೆಗಳಿಗೆ ದುಂಬಿ ಕೂರದಂತೆ ತೆಳು ಬಟ್ಟೆಯ ಚೀಲ ಕಟ್ಟಿಟ್ಟಿದ್ದರು. ಡಾಕ್ಟರಮ್ಮ ಒಂದೊಂದರ ದಾರ ಬಿಚ್ಚಿದರು. ಒಳಗೆ ಹೂವುಗಳು ಅರಳಿದ್ದವು, ಅಮ್ಮನ ಎದೆಯ ಮೇಲಿದ್ದಂಥವೇ. ಪ್ರತಿಯೊಂದರ ನಡುವೆ ಅಂಟಂಟಾದ, ಸಾಸಿವೆಗಿಂತ ಸಣ್ಣದೊಂದು ತುದಿ ಮೇಲೆ ಮುಖ ಮಾಡಿತ್ತು.

"ನಿನ್ನ ಕೈ ನನ್ನ ಕೈಗಿಂತ ಗಟ್ಟಿ. ನೀನೇ ಇಡು" ಎಂದರು ಡಾಕ್ಟರಮ್ಮ.

ಮಗಳು ಪುಡಿಯನ್ನು ಒಂದೊಂದು ತುದಿಗೂ ತಾಗಿಸಿದಳು. ಏನೂ ಆಗಲಿಲ್ಲ. ಆಗುವುದು ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹಿಡಿಯುತ್ತಾ?"

"ಗೊತ್ತಿಲ್ಲ ಕಣಮ್ಮ. ಹಿಡಿದರೆ ಹೂವು ಉದುರಿದ ಮೇಲೂ ತೊಟ್ಟು ಉಳಿಯುತ್ತೆ."

ಕೊನೆಯ ಚೀಲ ಕಟ್ಟುವಾಗ ಕಣಿವೆಯಿಂದ ಗಾಳಿ ಎದ್ದಿತು. ಬಟ್ಟೆ ಹೂವಿಗೆ ಉಜ್ಜದಿರಲೆಂದು ಮಗಳು ಎರಡೂ ಅಂಗೈಗಳ ಒಳಗೆ ರೆಂಬೆಯನ್ನು ಮರೆಮಾಡಿ ಹಿಡಿದಳು. ಗಾಳಿ ಗುಡ್ಡದ ಬುಡದಿಂದ ಹತ್ತುತ್ತ ಬಂತು. ಒಂದೊಂದು ಪೊದೆಯೂ ಎಲೆಗಳನ್ನು ಮಗುಚಿ ಬೆಳ್ಳಿಬೆನ್ನು ತೋರಿಸಿತು. ಒಂದೇ ಮೈ ಮಗ್ಗುಲು ಬದಲಿಸುವ ಹಾಗೆ ಇಡೀ ಇಳಿಜಾರು ಕೆಳಗಿನಿಂದ ಮೇಲಿನವರೆಗೂ ಹೊರಳಿತು, ಅವಳ ಮೊಣಕಾಲನ್ನು ಸವರಿತು, ನೆತ್ತಿ ದಾಟಿತು. ಅವಳ ಕೈಯೊಳಗಿನ ಒಂದು ರೆಂಬೆ ಮಾತ್ರ ಅಲ್ಲಾಡದೆ ನಿಂತಿತ್ತು.